ಇಸಿಜಿಗೆ ಕಡಿಮೆ ಕರೆಂಟಿನ ಅನಲಾಗ್ ಫಿಲ್ಟರ್: ಬಳ್ಳಾರಿ ಬಿಸಿಲಿಗೂ ಬಗ್ಗದ ಸರ್ಕ್ಯೂಟ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂಜಿನಿಯರಿಂಗ್ ಓದುವವರಲ್ಲಿ ಇಸಿಜಿ (ಹೃದಯದ ವಿದ್ಯುತ್ ಸಿಗ್ನಲ್) ಪ್ರಾಜೆಕ್ಟ್ ಹಿಡಿಯುವವರು ಬಹಳ. ರೆಡಿ ಮಾಡ್ಯೂಲ್ ತಂದು ಮೂರು ವೈರ್ ಅಂಟಿಸಿದರೆ ಪರದೆ ಮೇಲೆ ಅಲೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಆ ಮಾಡ್ಯೂಲಿನ ಒಳಗಿನ ಫಿಲ್ಟರನ್ನು ನೀವೇ ಲೆಕ್ಕ ಹಾಕಿ ಕಟ್ಟಬಹುದು. ಒಂದು ನಾಣ್ಯದಂಥ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡಿಸಲೂಬಹುದು. ಇಲ್ಲಿ ಆ ದಾರಿಯನ್ನು ಅಂಕಿಗಳ ಸಮೇತ ಕೊಡುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಕಡಿಮೆ ಕರೆಂಟಿನ ಡಿಸೈನ್ ಅಂದರೆ ಎಲ್ಲ ಕಡೆಯೂ ಜಿಪುಣತನ ಮಾಡುವುದಲ್ಲ. ದೇಹಕ್ಕೆ ತಾಗುವ ಮೊದಲ ಹಂತಕ್ಕೆ ಕರೆಂಟನ್ನು ಧಾರಾಳವಾಗಿ ಕೊಡಬೇಕು. ಅದರ ನಂತರದ ಹಂತಗಳಿಂದ ಕಿತ್ತುಕೊಳ್ಳಬೇಕು.

ಸಿಗ್ನಲ್ಲಿನ ಅಳತೆ ಬರೆದುಕೊಳ್ಳಿ

ಇಸಿಜಿಯ ಎತ್ತರ ಸುಮಾರು 1 ಮಿಲಿವೋಲ್ಟ್. ವೈದ್ಯರು ರೋಗ ಪತ್ತೆಗೆ ನೋಡುವ ಇಸಿಜಿಗೆ 0.05ರಿಂದ 150 ಹರ್ಟ್ಜ್ ಬೇಕು. ಬರೀ ಬಡಿತದ ಮೇಲೆ ಕಣ್ಣಿಡುವುದಾದರೆ 0.5ರಿಂದ 40 ಹರ್ಟ್ಜ್ ಸಾಕು. ಮೆದುಳಿನ ಸಿಗ್ನಲ್ ಇನ್ನೂ ಚಿಕ್ಕದು, 10ರಿಂದ 100 ಮೈಕ್ರೋವೋಲ್ಟ್. ಸ್ನಾಯುವಿನದು 20ರಿಂದ 500 ಹರ್ಟ್ಜ್‌ವರೆಗೆ ಹೋಗುತ್ತದೆ. ನಾವು ಇಲ್ಲಿ 0.5ರಿಂದ 40ರ ಇಸಿಜಿ ಹಿಡಿಯೋಣ.

ಈ ಆಯ್ಕೆಗೆ ಒಂದು ಬೆಲೆ ಇದೆ, ಅದು ಗೊತ್ತಿರಲಿ. 0.5 ಹರ್ಟ್ಜ್‌ನಲ್ಲಿ ಕೆಳಗಿನದನ್ನು ಕತ್ತರಿಸಿದರೆ ಇಸಿಜಿಯ ಎಸ್‌ಟಿ ಭಾಗದ (ಬಡಿತದ ಚೂಪು ಶಿಖರದ ನಂತರದ ತುಂಡು) ಆಕಾರ ಕೆಡುತ್ತದೆ. ಹೃದಯಾಘಾತದ ಗುರುತು ನೋಡುವುದು ಅಲ್ಲೇ. ಆದ್ದರಿಂದ ಈ ಸರ್ಕ್ಯೂಟಿನಿಂದ ಬಡಿತ ಎಣಿಸಿ, ಲಯ ನೋಡಿ. ರೋಗ ಹೇಳಲು ಬಳಸಬೇಡಿ.

ಈ 1 ಮಿಲಿವೋಲ್ಟಿನ ಜೊತೆಗೆ ಇನ್ನೆರಡು ವೋಲ್ಟೇಜ್ ಬರುತ್ತವೆ. ಮೊದಲನೆಯದು ಎಲೆಕ್ಟ್ರೋಡಿನ ಡಿಸಿ. ಚರ್ಮ, ಜೆಲ್, ಲೋಹ ಸೇರಿದ ಕಡೆ ಒಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಎರಡು ಎಲೆಕ್ಟ್ರೋಡ್‌ಗಳ ನಡುವೆ 300 ಮಿಲಿವೋಲ್ಟ್‌ವರೆಗೆ ವ್ಯತ್ಯಾಸ ಬಂದರೂ ಸರ್ಕ್ಯೂಟ್ ತಡೆಯಬೇಕು ಅಂತ ಲೆಕ್ಕ ಹಾಕುವುದು ರೂಢಿ. ಅಂದರೆ ಆನೆಯ ಬೆನ್ನ ಮೇಲೆ ಕೂತ ಇರುವೆಯನ್ನು ನಾವು ಅಳೆಯಬೇಕು. ಎರಡನೆಯದು ಮನೆಯ ಲೈನಿನ 50 ಹರ್ಟ್ಜ್. ಅದರ ಮಾತು ಮುಂದೆ ವಿವರವಾಗಿ ಬರುತ್ತದೆ.

ಸುರಕ್ಷತೆ: ಇದನ್ನು ದಾಟಿ ಮುಂದೆ ಹೋಗಬೇಡಿ

ಎಲೆಕ್ಟ್ರೋಡ್ ಯಾರ ಮೈಮೇಲಾದರೂ ಇರುವಾಗ ಸರ್ಕ್ಯೂಟ್ ಬ್ಯಾಟರಿಯಲ್ಲೇ ಓಡಬೇಕು. ಲೈನಿಗೆ ಹಾಕಿದ ಆಸಿಲೋಸ್ಕೋಪ್ ಅದಕ್ಕೆ ತಾಗಬಾರದು. ಲ್ಯಾಪ್‌ಟಾಪಿಗೆ ಜೋಡಿಸುವುದಾದರೆ ಚಾರ್ಜರ್ ಕಿತ್ತಿಡಿ. ಡೇಟಾವನ್ನು ಬ್ಲೂಟೂತ್‌ನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು.

ಇದಲ್ಲದೆ ಕೈಗಳ ಎರಡೂ ವೈರಿಗೆ 100 ಕಿಲೋ ಓಮ್ ಸರಣಿಯಲ್ಲಿ ಹಾಕಿ. ಬಲಗಾಲಿನ ವೈರಿಗೆ (50 ಹರ್ಟ್ಜ್ ತಗ್ಗಿಸಲು ಇರುವುದು, ಮುಂದೆ ಬರುತ್ತದೆ) 330 ಕಿಲೋ ಓಮ್ ಹಾಕಿ. ಐಸಿ ಸುಟ್ಟು 3 ವೋಲ್ಟ್ ಪೂರ್ತಿ ಕಾಲಿಗೆ ಬಂದರೂ ಆಗ ಹರಿಯುವುದು ಸುಮಾರು 9 ಮೈಕ್ರೋ ಆಂಪಿಯರ್ ಮಾತ್ರ. ಕೈಗಳ ದಾರಿಯಲ್ಲಿ 30 ಮೈಕ್ರೋ ಆಂಪಿಯರ್. ಈ ರೆಸಿಸ್ಟರ್‌ಗಳು ಸ್ವಲ್ಪ ನಾಯ್ಸ್ (ತಾನಾಗಿ ಹುಟ್ಟುವ ಸಣ್ಣ ಗದ್ದಲ) ಸೇರಿಸುತ್ತವೆ ನಿಜ. ಆದರೆ ಅದಕ್ಕಾಗಿ ಇವನ್ನು ತೆಗೆಯುವ ಮಾತೇ ಇಲ್ಲ.

ಕರೆಂಟಿನ ಬಜೆಟ್

ಸಿಆರ್ 2032 ಬ್ಯಾಟರಿಯಲ್ಲಿ 3 ವೋಲ್ಟ್, ಸುಮಾರು 220 ಮಿಲಿ ಆಂಪಿಯರ್ ಗಂಟೆ ಇರುತ್ತದೆ. ಇದಕ್ಕೆ ಎರಡು ಐಸಿ ಆರಿಸಿದ್ದೇನೆ.

ಮೊದಲ ಹಂತಕ್ಕೆ ಐಎನ್‌ಎ 333 ಎಂಬ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್, ಅಂದರೆ ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ದೊಡ್ಡದು ಮಾಡುವ ಐಸಿ. ಇದು 1.8 ವೋಲ್ಟ್‌ವರೆಗೂ ಓಡುತ್ತದೆ, ಸುಮಾರು 50 ಮೈಕ್ರೋ ಆಂಪಿಯರ್ ತಿನ್ನುತ್ತದೆ. ನಂತರದ ಹಂತಗಳಿಗೆ ಎಂಸಿಪಿ 6044. ಇದರಲ್ಲಿ ನಾಲ್ಕು ಆಪ್ ಆಂಪ್ ಇವೆ, ಒಂದೊಂದಕ್ಕೆ ಬರೀ 0.6 ಮೈಕ್ರೋ ಆಂಪಿಯರ್. ನಾಲ್ಕೂ ಸೇರಿ 2.4. ಮಧ್ಯದ ವೋಲ್ಟೇಜ್ (ಬ್ಯಾಟರಿಯ ಅರ್ಧ, 1.5 ವೋಲ್ಟ್) ಕೊಡುವ ರೆಸಿಸ್ಟರ್‌ಗಳಿಗೆ 1.5 ಮೈಕ್ರೋ ಆಂಪಿಯರ್ ಸೇರಿಸಿ. ಒಟ್ಟು 54 ಮೈಕ್ರೋ ಆಂಪಿಯರ್ ಆಯಿತು. 220 ಮಿಲಿಯನ್ನು ಇದರಿಂದ ಭಾಗಿಸಿದರೆ ನಾಲ್ಕು ಸಾವಿರ ಗಂಟೆ, ಅಂದರೆ ಐದು ತಿಂಗಳಿಗಿಂತ ಜಾಸ್ತಿ. ಮೈಕ್ರೋಕಂಟ್ರೋಲರ್ ಮತ್ತು ಬ್ಲೂಟೂತ್ ಕರೆಂಟ್ ಇದರಲ್ಲಿ ಸೇರಿಲ್ಲ.

ಬಜೆಟ್ಟಿನ ನೂರಕ್ಕೆ ತೊಂಬತ್ತು ಪಾಲು ಮೊದಲ ಹಂತಕ್ಕೇ ಹೋಯಿತು, ಅಲ್ವಾ? ಅದು ಸರಿಯಾಗಿಯೇ ಇದೆ. ಟ್ರಾನ್ಸಿಸ್ಟರಿಗೆ ಕರೆಂಟ್ ಕಡಿಮೆ ಕೊಟ್ಟಷ್ಟೂ ಅದರ ನಾಯ್ಸ್ ಜಾಸ್ತಿ. ಎಂಸಿಪಿ 6044ರ ನಾಯ್ಸ್ ಹರ್ಟ್ಜ್‌ನ ವರ್ಗಮೂಲಕ್ಕೆ 170 ನ್ಯಾನೋವೋಲ್ಟ್. ಅದನ್ನು ಮೊದಲ ಹಂತಕ್ಕೆ ಹಾಕಿದರೆ ಆ ನಾಯ್ಸ್ ಪೂರ್ತಿ ಸಿಗ್ನಲ್ಲಿಗೆ ಸೇರುತ್ತದೆ. ನಾಲ್ಕು ಪಟ್ಟು ಗೇನ್ ಆದ ಮೇಲೆ ಹಾಕಿದರೆ ಕಾಲು ಭಾಗ ಮಾತ್ರ, 43 ನ್ಯಾನೋವೋಲ್ಟಿನಷ್ಟು ಕಾಣುತ್ತದೆ.

ಮೊದಲ ಹಂತ: ಗೇನ್ 4, ಅದಕ್ಕಿಂತ ಆಸೆ ಬೇಡ

ಒಂದೇ ಸಲಕ್ಕೆ 100 ಪಟ್ಟು ಮಾಡಿಬಿಡೋಣ ಅನ್ನಿಸುತ್ತದೆ. ಆದರೆ 300 ಮಿಲಿವೋಲ್ಟ್ ಡಿಸಿಗೂ ಅದೇ ಗೇನ್ ಸಿಗುತ್ತದೆ. ನೂರು ಪಟ್ಟು ಅಂದರೆ 30 ವೋಲ್ಟ್. 3 ವೋಲ್ಟ್ ಬ್ಯಾಟರಿಯಲ್ಲಿ ಔಟ್‌ಪುಟ್ ಒಂದು ಕಡೆಗೆ ಅಂಟಿಕೊಂಡು ನಿಲ್ಲುತ್ತದೆ.

ಈ ಐಸಿಯ ಗೇನ್ ಸೂತ್ರ: 1 + (100 ಕಿಲೋ ಓಮ್ ÷ ಆರ್‌ಜಿ). ಆರ್‌ಜಿ ಅಂದರೆ ಐಸಿಗೆ ಹೊರಗೆ ಹಾಕುವ ರೆಸಿಸ್ಟರ್, ಅದನ್ನು 33 ಕಿಲೋ ಓಮ್ ಇಟ್ಟರೆ ಗೇನ್ 4.03. ಆಗ 300 ಮಿಲಿವೋಲ್ಟ್ 1.21 ವೋಲ್ಟ್ ಆಗುತ್ತದೆ. ಮಧ್ಯದ 1.5 ವೋಲ್ಟಿನಿಂದ ಎಣಿಸಿದರೆ ಔಟ್‌ಪುಟ್ 0.29ರಿಂದ 2.71ರ ಒಳಗೆ ಉಳಿಯುತ್ತದೆ. ಬ್ಯಾಟರಿ 2.7 ವೋಲ್ಟಿಗೆ ಇಳಿದರೂ ಜಾಗ ಉಂಟು.

ಔಟ್‌ಪುಟ್ಟಿನ ಡಿಸಿಯನ್ನು ಒಂದು ಇಂಟಿಗ್ರೇಟರ್ ಮೂಲಕ ರೆಫರೆನ್ಸ್ ಕಾಲಿಗೆ ವಾಪಸ್ ಕೊಟ್ಟು ಗೇನ್ ಏರಿಸಬಹುದು ಅಂತ ಹಲವರು ಹೇಳುತ್ತಾರೆ. ಹುಷಾರಾಗಿರಿ. ಈ ಐಸಿಯ ಒಳಗೆ ಮೂರು ಆಂಪ್ಲಿಫೈಯರ್ ಇವೆ, ಗೇನ್ ಬರುವುದು ಮೊದಲ ಎರಡರಲ್ಲಿ. ರೆಫರೆನ್ಸ್ ಕಾಲು ಇರುವುದು ಮೂರನೆಯದಕ್ಕೆ. ಹೊರಗೆ ಡಿಸಿ ಸೊನ್ನೆ ಕಂಡರೂ ಒಳಗಿನ ಎರಡು ಆಗಲೇ ಅಂಟಿಕೊಂಡಿರಬಹುದು. ಡೇಟಾಶೀಟಿನಲ್ಲಿ ಒಳಗಿನ ಚಿತ್ರ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಆರ್‌ಜಿಯನ್ನು ಒಂದೇ ರೆಸಿಸ್ಟರ್ ಆಗಿ ಇಡಬೇಡಿ. 16.5 ಕಿಲೋ ಓಮ್‌ನ ಎರಡು ಸರಣಿಯಲ್ಲಿ ಇಡಿ. ಅವುಗಳ ನಡುವಿನ ಬಿಂದುವಿನಲ್ಲಿ ಎರಡೂ ಕೈಗಳಿಗೆ ಸಮನಾಗಿ ಬಂದ ವೋಲ್ಟೇಜ್ ಸಿಗುತ್ತದೆ. ಬಲಗಾಲಿನ ಹಂತಕ್ಕೆ ಅದೇ ಬೇಕು.

ಎರಡೂ ಇನ್‌ಪುಟ್‌ಗಳಿಂದ ಮಧ್ಯದ ವೋಲ್ಟೇಜಿಗೆ 10 ಮೆಗಾ ಓಮ್ ಕೊಡಿ, ವೈರ್ ಕಳಚಿದರೂ ಇನ್‌ಪುಟ್ ತೇಲಾಡುವುದಿಲ್ಲ. 100 ಕಿಲೋ ಓಮ್‌ಗಳ ನಂತರ 47 ಪಿಕೋ ಫ್ಯಾರಡ್ ಕೆಪಾಸಿಟರ್ ಒಂದೊಂದು ಇಟ್ಟರೆ 34 ಕಿಲೋಹರ್ಟ್ಜ್‌ನ ಮೇಲಿನದು, ಮೊಬೈಲ್ ಸಿಗ್ನಲ್ ಸಮೇತ, ಹೊರಗೇ ಉಳಿಯುತ್ತದೆ.

ಹೈಪಾಸ್: ದೊಡ್ಡ ರೆಸಿಸ್ಟರಿಗೆ ಹೆದರಬೇಡಿ, ಆದರೆ ಲೆಕ್ಕ ಹಾಕಿ

ಹೈಪಾಸ್ ಕೆಳಗಿನ ಫ್ರೀಕ್ವೆನ್ಸಿ ಕತ್ತರಿಸುತ್ತದೆ, ಲೋಪಾಸ್ ಮೇಲಿನದನ್ನು. ಕತ್ತರಿಸುವ ಫ್ರೀಕ್ವೆನ್ಸಿ = 1 ÷ (2 × 3.14 × ಆರ್ × ಸಿ). 0.5 ಹರ್ಟ್ಜ್ ಅಂದರೆ ಆರ್ ಮತ್ತು ಸಿಯ ಗುಣಲಬ್ಧ ದೊಡ್ಡದಾಗಲೇಬೇಕು. 1 ಮೈಕ್ರೋ ಫ್ಯಾರಡ್ ಜೊತೆ 330 ಕಿಲೋ ಓಮ್ ಇಟ್ಟರೆ 0.48 ಹರ್ಟ್ಜ್. 100 ನ್ಯಾನೋ ಫ್ಯಾರಡ್ ಜೊತೆ 3.3 ಮೆಗಾ ಓಮ್ ಇಟ್ಟರೂ ಅದೇ 0.48. ಯಾವುದು ಒಳ್ಳೆಯದು?

ದೊಡ್ಡ ರೆಸಿಸ್ಟರ್ ಅಂದರೆ ದೊಡ್ಡ ನಾಯ್ಸ್ ಅಂತ ಪಾಠದಲ್ಲಿ ಓದಿರುತ್ತೀರಿ. 1 ಮೆಗಾ ಓಮ್‌ಗೆ 129 ನ್ಯಾನೋವೋಲ್ಟ್, ಅದು ನಿಜ. ಆದರೆ ಹೈಪಾಸ್‌ನಲ್ಲಿ ಈ ರೆಸಿಸ್ಟರಿನ ನಾಯ್ಸನ್ನು ಪಕ್ಕದ ಕೆಪಾಸಿಟರೇ ನುಂಗುತ್ತದೆ. ಸಿಗ್ನಲ್ಲಿಗೆ ಹೈಪಾಸ್ ಆಗಿರುವ ಜೋಡಿ ಆ ನಾಯ್ಸ್‌ಗೆ ಲೋಪಾಸ್ ಆಗಿ ಕೆಲಸ ಮಾಡುತ್ತದೆ. ಒಟ್ಟು ನಾಯ್ಸ್ ಕೆಪಾಸಿಟರ್ ಒಂದರ ಮೇಲೆಯೇ ನಿಲ್ಲುತ್ತದೆ. 100 ನ್ಯಾನೋ ಫ್ಯಾರಡ್‌ಗೆ ಅದು 0.2 ಮೈಕ್ರೋವೋಲ್ಟ್, ಅದರಲ್ಲೂ ಅರ್ಧದಷ್ಟು ಪಾಲು ನಾವು ಬಿಸಾಡುವ ಅರ್ಧ ಹರ್ಟ್ಜ್‌ನ ಕೆಳಗೆ. ನಾಲ್ಕು ಪಟ್ಟು ಗೇನ್ ಆಗಿರುವ ಇಸಿಜಿಯ ಎದುರು ಅದು ಏನೇನೂ ಅಲ್ಲ. ಆದ್ದರಿಂದ ಚಿಕ್ಕ, ಅಗ್ಗದ 100 ನ್ಯಾನೋ ಫ್ಯಾರಡ್ಡನ್ನೇ ಆರಿಸಿ.

ಇಲ್ಲಿ ನಿಜವಾದ ಅಪಾಯ ಆಪ್ ಆಂಪಿನ ಇನ್‌ಪುಟ್ ಕರೆಂಟ್. ಅಂಗಡಿಯಲ್ಲಿ ಕೈಗೆ ಸಿಗುವ ಎಲ್‌ಎಂ 358ರದ್ದು ಸಾಮಾನ್ಯವಾಗಿ 45 ನ್ಯಾನೋ ಆಂಪಿಯರ್ ಅಂತ ಇಟ್ಟುಕೊಳ್ಳಿ. 3.3 ಮೆಗಾ ಓಮ್‌ನಿಂದ ಗುಣಿಸಿದರೆ 150 ಮಿಲಿವೋಲ್ಟ್! ಮುಂದಿನ ಗೇನ್ ಅದನ್ನು ಎಲ್ಲಿಗೋ ಒಯ್ಯುತ್ತದೆ. ಎಂಸಿಪಿ 6044ರದ್ದು ಸೀಮಾಸ್, 25 ಡಿಗ್ರಿಯಲ್ಲಿ 1 ಪಿಕೋ ಆಂಪಿಯರ್ ಆಸುಪಾಸು. ಬಿಸಿ ಏರಿದಂತೆ ಇದು ಹೆಚ್ಚುತ್ತದೆ, 10 ಡಿಗ್ರಿಗೆ ಸುಮಾರು ಎರಡು ಪಟ್ಟು. ರಾಯಚೂರಿನ ಮೇ ತಿಂಗಳಲ್ಲಿ ಡಬ್ಬಿಯ ಒಳಗೆ 55 ಡಿಗ್ರಿ ಆದರೂ 8 ಪಿಕೋ ಆಂಪಿಯರ್, ಅಂದರೆ 26 ಮೈಕ್ರೋವೋಲ್ಟ್. ನಿಶ್ಚಿಂತೆಯಿಂದ ಇರಬಹುದು.

ಚಿಪ್ ಡಿಸೈನ್ ಓದುವವರಿಗೆ ಇಲ್ಲೊಂದು ಮಾತು. ಸಿಲಿಕಾನ್ ಮೇಲೆ 100 ನ್ಯಾನೋ ಫ್ಯಾರಡ್ ಇಡಲು ಜಾಗವಿಲ್ಲ, ಕೆಲವು ಪಿಕೋ ಫ್ಯಾರಡ್ ಅಷ್ಟೇ. 10 ಪಿಕೋ ಫ್ಯಾರಡ್‌ನಲ್ಲಿ 0.5 ಹರ್ಟ್ಜ್ ಬೇಕಾದರೆ ರೆಸಿಸ್ಟರ್ 30 ಸಾವಿರ ಮೆಗಾ ಓಮ್ ದಾಟಬೇಕು. ರೀಡ್ ಹ್ಯಾರಿಸನ್ ಮತ್ತು ಕ್ಯಾಮರಾನ್ ಚಾರ್ಲ್ಸ್ 2003ರಲ್ಲಿ ಮಾಸ್ ಟ್ರಾನ್ಸಿಸ್ಟರುಗಳನ್ನೇ ಡಯೋಡಿನಂತೆ ಜೋಡಿಸಿ ಅಂಥ ರೆಸಿಸ್ಟರ್ ಮಾಡಿ ತೋರಿಸಿದರು. ಅವರ ಆಂಪ್ಲಿಫೈಯರ್ 0.025 ಹರ್ಟ್ಜ್‌ವರೆಗೆ ಇಳಿಯಿತು, ನಾಯ್ಸ್ 2.2 ಮೈಕ್ರೋವೋಲ್ಟ್. ನರಗಳ ಸಿಗ್ನಲ್ ಹಿಡಿಯುವ ಚಿಪ್ ಕೆಲಸಕ್ಕೆ ಕೈ ಹಾಕುವವರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಎರಡನೇ ಗೇನ್

3.3 ಮೆಗಾ ಓಮ್‌ನ ತುದಿಯನ್ನು ಮಧ್ಯದ ವೋಲ್ಟೇಜಿಗೆ ಕೊಡಿ, ಕೆಪಾಸಿಟರ್ ಸೇರುವ ಬಿಂದುವನ್ನು ಆಪ್ ಆಂಪಿನ ಪ್ಲಸ್ ಇನ್‌ಪುಟ್ಟಿಗೆ. ಫೀಡ್‌ಬ್ಯಾಕಿಗೆ 1 ಮೆಗಾ ಓಮ್, ಕೆಳಗೆ 20 ಕಿಲೋ ಓಮ್. ಗೇನ್ 51. ಒಟ್ಟು ಗೇನ್ ಸುಮಾರು 205, ಅಂದರೆ 1 ಮಿಲಿವೋಲ್ಟಿಗೆ 0.2 ವೋಲ್ಟ್. 12 ಬಿಟ್ಟಿನ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ) ಇದು ಧಾರಾಳ.

ಈ ಆಪ್ ಆಂಪಿನ ಗೇನ್ ಬ್ಯಾಂಡ್‌ವಿಡ್ತ್ 14 ಕಿಲೋಹರ್ಟ್ಜ್ ಮಾತ್ರ. 51ರಿಂದ ಭಾಗಿಸಿದರೆ 275 ಹರ್ಟ್ಜ್. 40 ಹರ್ಟ್ಜ್‌ಗೆ ಸಾಕು. 150 ಹರ್ಟ್ಜ್ ಬೇಕಾದವರು ಇಲ್ಲಿ ಗೇನ್ ಇಳಿಸಬೇಕು, ಇಲ್ಲವೇ ಹೆಚ್ಚು ಕರೆಂಟ್ ತಿನ್ನುವ ಐಸಿ ಹಾಕಬೇಕು.

ಲೋಪಾಸ್

ಸ್ಯಾಲನ್ ಮತ್ತು ಕೀ 1955ರಲ್ಲಿ ಕೊಟ್ಟ ಜೋಡಣೆ ಇಂದಿಗೂ ಇಂಥ ಕೆಲಸಕ್ಕೆ ಸೊಗಸು. ಒಂದು ಆಪ್ ಆಂಪ್, ಎರಡು ರೆಸಿಸ್ಟರ್, ಎರಡು ಕೆಪಾಸಿಟರ್. ಗೇನ್ 1 ಇಟ್ಟು, ಎರಡೂ ರೆಸಿಸ್ಟರ್ ಒಂದೇ ಬೆಲೆಯದು ಇಟ್ಟು, ಔಟ್‌ಪುಟ್ ಕಡೆಗೆ ಹೋಗುವ ಕೆಪಾಸಿಟರನ್ನು ಗ್ರೌಂಡ್ ಕಡೆಯದರ ಎರಡು ಪಟ್ಟು ಮಾಡಿದರೆ ಬಟರ್‌ವರ್ತ್ ಆಕಾರ (ಬೇಕಾದ ಭಾಗ ಸಮತಟ್ಟಾಗಿ ದಾಟುವುದು) ತಾನಾಗಿ ಬರುತ್ತದೆ.

ಗ್ರೌಂಡ್ ಕಡೆ 10 ನ್ಯಾನೋ ಫ್ಯಾರಡ್. ಇನ್ನೊಂದು ಕಡೆ 10 ನ್ಯಾನೋ ಫ್ಯಾರಡ್‌ನವೇ ಎರಡು ಸಮಾಂತರವಾಗಿ. ಹೀಗೆ ಮಾಡಿದರೆ ಮೂರೂ ಒಂದೇ ರೋಲಿನವು, ಒಂದೇ ರೀತಿ ಬದಲಾಗುತ್ತವೆ. ರೆಸಿಸ್ಟರ್ 270 ಕಿಲೋ ಓಮ್ ಎರಡು. ಕತ್ತರಿಸುವ ಜಾಗ 41.7 ಹರ್ಟ್ಜ್.

ಈ ಹಂತಕ್ಕೆ ಆಪ್ ಆಂಪಿನ ಬ್ಯಾಂಡ್‌ವಿಡ್ತ್ ಕತ್ತರಿಸುವ ಫ್ರೀಕ್ವೆನ್ಸಿಯ 100 ಪಟ್ಟಾದರೂ ಇರಲಿ ಅನ್ನುವುದು ಒಳ್ಳೆಯ ನಿಯಮ. ನಮಗೆ ಬೇಕಾದ್ದು ಸುಮಾರು 4 ಕಿಲೋಹರ್ಟ್ಜ್, ಇರುವುದು 14.

ಎಡಿಸಿ ಸೆಕೆಂಡಿಗೆ 500 ಸಲ ಓದಲಿ. ಆಗ 460 ಹರ್ಟ್ಜ್‌ನ ಗದ್ದಲ ಮಡಚಿಕೊಂಡು 40 ಹರ್ಟ್ಜ್ ಆಗಿ ಒಳಬರುವ ಮೊದಲು 42 ಡೆಸಿಬಲ್ ಕುಗ್ಗಿರುತ್ತದೆ. 250 ಸಲ ಓದಿದರೆ ಈ ರಕ್ಷಣೆ 28 ಡೆಸಿಬಲ್‌ಗೆ ಇಳಿಯುತ್ತದೆ.

50 ಹರ್ಟ್ಜ್: ಫಿಲ್ಟರಿನಿಂದ ಗೆಲ್ಲುವ ಜಗಳವಲ್ಲ

40 ಹರ್ಟ್ಜ್‌ನ ಲೋಪಾಸ್ ಇದ್ದರೆ 50 ಹರ್ಟ್ಜ್ ಹೋಗುತ್ತದೆ ಅಂತ ನಂಬುವವರು ತುಂಬಾ ಜನ. ಲೆಕ್ಕ ಹಾಕಿ ನೋಡಿ. ನಮ್ಮ ಫಿಲ್ಟರ್ 50 ಹರ್ಟ್ಜ್‌ನಲ್ಲಿ ಕಳೆಯುವುದು ಬರೀ 4.9 ಡೆಸಿಬಲ್. ನೂರರಲ್ಲಿ 57 ಪಾಲು ಹಾಗೇ ದಾಟುತ್ತದೆ. ಇನ್ನೊಂದು ಹಂತ ಸೇರಿಸಿ ನಾಲ್ಕನೇ ಆರ್ಡರ್ ಮಾಡಿದರೂ 7.2 ಡೆಸಿಬಲ್ ಅಷ್ಟೇ.

ಹಾಗಾದರೆ ಟ್ವಿನ್ ಟಿ ನಾಚ್ (ಒಂದೇ ಫ್ರೀಕ್ವೆನ್ಸಿಯನ್ನು ಕಡಿಯುವ ಫಿಲ್ಟರ್) ಹಾಕೋಣವೇ? 10 ನ್ಯಾನೋ ಫ್ಯಾರಡ್ ಜೊತೆ 318 ಕಿಲೋ ಓಮ್ ಬೇಕು, 300 ಮತ್ತು 18 ಸೇರಿಸಿದರೆ ಸಿಗುತ್ತದೆ. ಆದರೆ ಬರೀ ರೆಸಿಸ್ಟರ್ ಕೆಪಾಸಿಟರಿನ ಟ್ವಿನ್ ಟಿಯ ಕ್ಯೂ (ಹಳ್ಳ ಎಷ್ಟು ಕಿರಿದು ಅನ್ನುವ ಅಳತೆ) 0.25 ಮಾತ್ರ. ಅದರ ಹಳ್ಳ 200 ಹರ್ಟ್ಜ್ ಅಗಲ, ನಿಮ್ಮ ಇಸಿಜಿಯನ್ನೇ ನುಂಗುತ್ತದೆ. ಫೀಡ್‌ಬ್ಯಾಕ್ ಕೊಟ್ಟು ಕ್ಯೂ 2.75ಕ್ಕೆ ಏರಿಸಿದರೆ ಅಗಲ 18 ಹರ್ಟ್ಜ್‌ಗೆ ಇಳಿಯುತ್ತದೆ. ಆಗ ಮತ್ತೊಂದು ತೊಂದರೆ. ಬಿಸಿಲಿಗೆ ಕೆಪಾಸಿಟರ್ ಬೆಲೆ ನೂರಕ್ಕೆ ಒಂದರಷ್ಟು ಜಾರಿದರೂ ಹಳ್ಳ ಅರ್ಧ ಹರ್ಟ್ಜ್ ಸರಿದು, ಕಡಿತ 25 ಡೆಸಿಬಲ್‌ನಲ್ಲಿ ನಿಂತುಬಿಡುತ್ತದೆ. ಇನ್ನೆರಡು ಆಪ್ ಆಂಪ್ ಬೇರೆ ಬೇಕು. ನನ್ನ ಅಭಿಪ್ರಾಯದಲ್ಲಿ ಅನಲಾಗ್ ನಾಚ್ ಬೇಡವೇ ಬೇಡ.

50 ಹರ್ಟ್ಜನ್ನು ಬಾಗಿಲಲ್ಲೇ ತಡೆಯಬೇಕು. ಬಲಗಾಲಿನ ಹಂತ ಅದಕ್ಕೇ ಇರುವುದು. ಆರ್‌ಜಿ ಮಧ್ಯದ ಬಿಂದುವಿನಿಂದ 390 ಕಿಲೋ ಓಮ್ ಮೂಲಕ ಒಂದು ಆಪ್ ಆಂಪಿನ ಮೈನಸ್ ಇನ್‌ಪುಟ್ಟಿಗೆ ಬನ್ನಿ. ಫೀಡ್‌ಬ್ಯಾಕಿಗೆ 1 ನ್ಯಾನೋ ಫ್ಯಾರಡ್ ಇಡಿ. ಔಟ್‌ಪುಟ್ಟನ್ನು ಆ 330 ಕಿಲೋ ಓಮ್ ಮೂಲಕ ಬಲಗಾಲಿಗೆ ಕಳಿಸಿ. 50 ಹರ್ಟ್ಜ್‌ನಲ್ಲಿ ಇದರ ಗೇನ್ ಸುಮಾರು 8. ಮೈಮೇಲೆ ಬಂದ ಗದ್ದಲವನ್ನು ಇದು ತಿರುಗಿಸಿ ಮೈಗೇ ಕೊಟ್ಟು ಒಂಬತ್ತನೇ ಒಂದು ಪಾಲಿಗೆ ಇಳಿಸುತ್ತದೆ. ತಗಲುವ ಕರೆಂಟ್ 0.6 ಮೈಕ್ರೋ ಆಂಪಿಯರ್.

ಆಮೇಲೆ ವೈರ್. ಎರಡೂ ಕೈಗಳ ವೈರನ್ನು ಒಟ್ಟಿಗೆ ಹೆಣೆಯಿರಿ. ಅವುಗಳ ನಡುವೆ ಜಾಗ ಬಿಟ್ಟಷ್ಟೂ ಗದ್ದಲ ಜಾಸ್ತಿ. ಸೀಲಿಂಗ್ ಫ್ಯಾನಿನ ಗಾಳಿಗೆ ವೈರ್ ಅಲುಗಾಡಿದರೆ ಗದ್ದಲವೂ ಏರಿಳಿಯುತ್ತದೆ, ಟೇಪ್ ಹಾಕಿ ಕೂರಿಸಿ. ಎರಡು ಎಲೆಕ್ಟ್ರೋಡ್‌ಗಳ ಜೆಲ್ ಒಂದೇ ಸ್ಥಿತಿಯಲ್ಲಿ ಇರಲಿ. ಒಂದು ಹಸಿ, ಒಂದು ಒಣಗಿದ್ದು ಆದರೆ ಎರಡೂ ಕಡೆ ಸಮನಾಗಿದ್ದ 50 ಹರ್ಟ್ಜ್ ವ್ಯತ್ಯಾಸವಾಗಿ ಬದಲಾಗುತ್ತದೆ. ಆಮೇಲೆ ಯಾವ ಐಸಿಯೂ ಅದನ್ನು ಬೇರ್ಪಡಿಸಲಾರದು. ನಮ್ಮ ಬಿಸಿಲಲ್ಲಿ ಪ್ಯಾಕ್ ಒಡೆದ ಎಲೆಕ್ಟ್ರೋಡ್ ಬೇಗ ಒಣಗುತ್ತದೆ, ಪ್ಯಾಕೆಟ್ ಬಾಯಿ ಬಿಗಿದಿಡಿ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳ ಪಕ್ಕ, ಗಂಗಾವತಿಯ ಅಕ್ಕಿ ಗಿರಣಿಗಳ ಸಾಲಿನಲ್ಲಿ ಮೋಟಾರು ಶುರುವಾದಾಗೆಲ್ಲ ಲೈನ್ ಜಗ್ಗುತ್ತದೆ. ಎರೆ ಮಣ್ಣು ಬೇಸಿಗೆಗೆ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. ಗುಂಡಿಗೆ ನೀರು ಹಾಕಿದ್ದಾರಾ ಅಂತ ಕೇಳಿ ನೋಡಿ. ಕರೆಂಟ್ ಹೋಗಿ ಅಗ್ಗದ ಇನ್ವರ್ಟರ್ ಓಡುವಾಗ ಅಲೆ ಚೌಕವಾಗಿ 150, 250 ಹರ್ಟ್ಜ್ ಕೂಡ ಬರುತ್ತವೆ. ಇವಕ್ಕೆ ನಮ್ಮ ಲೋಪಾಸ್ ಚೆನ್ನಾಗಿ ಕೆಲಸ ಮಾಡುತ್ತದೆ, 150ರಲ್ಲಿ 22 ಡೆಸಿಬಲ್ ಕಡಿಮೆ.

ಇಷ್ಟಾದ ಮೇಲೂ ಉಳಿದ 50 ಹರ್ಟ್ಜನ್ನು ಸಾಫ್ಟ್‌ವೇರಿನಲ್ಲಿ ತೆಗೆಯಿರಿ. ಬಡಿತ ಎಣಿಸುವುದಷ್ಟೇ ಆದರೆ ಸುಲಭದ ದಾರಿ ಇದೆ. ಸೆಕೆಂಡಿಗೆ 500 ಓದಿನಲ್ಲಿ ಹತ್ತು ಓದು ಅಂದರೆ 20 ಮಿಲಿಸೆಕೆಂಡ್, 50 ಹರ್ಟ್ಜ್‌ನ ಸರಿಯಾಗಿ ಒಂದು ಸುತ್ತು. ಹತ್ತರ ಸರಾಸರಿ ತೆಗೆದರೆ 50 ಹರ್ಟ್ಜ್ ಸೊನ್ನೆ. ಆದರೆ 22 ಹರ್ಟ್ಜ್‌ನ ಮೇಲಿನದು ಕುಗ್ಗಿ ಶಿಖರ ಮೊಂಡಾಗುತ್ತದೆ. ಆಕಾರ ಬೇಕಾದರೆ ಸರಿಯಾದ ಡಿಜಿಟಲ್ ನಾಚ್ ಬರೆಯಿರಿ.

ಮಧ್ಯದ ವೋಲ್ಟೇಜ್

1 ಮೆಗಾ ಓಮ್‌ನ ಎರಡು ರೆಸಿಸ್ಟರ್, ನಡುವೆ 1 ಮೈಕ್ರೋ ಫ್ಯಾರಡ್, ನಂತರ ನಾಲ್ಕನೇ ಆಪ್ ಆಂಪ್ ಬಫರ್ ಆಗಿ. ಕರೆಂಟ್ ಉಳಿಸಲು 10 ಮೆಗಾ ಓಮ್ ಹಾಕಿದರೆ 1.35 ಮೈಕ್ರೋ ಆಂಪಿಯರ್ ಉಳಿಯುತ್ತದೆ ನಿಜ. ಆದರೆ ಟೈಮ್ ಕಾನ್‌ಸ್ಟಂಟ್ 5 ಸೆಕೆಂಡ್ ಆಗಿ, ಆನ್ ಮಾಡಿದ ಮೇಲೆ ಅರ್ಧ ನಿಮಿಷ ಸುಮ್ನೆ ಕಾಯಬೇಕು. ಪಕ್ಕದ ಐಸಿ 50 ತಿನ್ನುವಾಗ ಇಲ್ಲಿ ಒಂದನ್ನು ಉಳಿಸಿ ಏನೂ ಸಿಗುವುದಿಲ್ಲ.

ಬಿಡಿಭಾಗ, ಬೋರ್ಡು, ಧೂಳು

ಫಿಲ್ಟರಿನ ಕೆಪಾಸಿಟರ್‌ಗಳು ಸಿ0ಜಿ ಸೆರಾಮಿಕ್ ಅಥವಾ ಫಿಲ್ಮ್ ಮಾದರಿ ಇರಲಿ. ಎಕ್ಸ್7ಆರ್ ಮಾದರಿಯ ಸೆರಾಮಿಕ್ ಬಿಸಿಗೆ ನೂರಕ್ಕೆ 15ರವರೆಗೆ ಜಾರಬಹುದು, ಡಿಸಿ ಬಿದ್ದಾಗ ಇನ್ನಷ್ಟು. ಬೋರ್ಡ್ ತಟ್ಟಿದರೆ ವೋಲ್ಟೇಜನ್ನೂ ಹುಟ್ಟಿಸುತ್ತದೆ. ವೈ5ವಿ ಮುಟ್ಟಲೇಬೇಡಿ. ಹೈಪಾಸ್‌ಗೆ ಎಲೆಕ್ಟ್ರೋಲಿಟಿಕ್ ಕೂಡ ಬೇಡ, ಸೋರುತ್ತದೆ. ಮಧ್ಯದ ವೋಲ್ಟೇಜಿನ 1 ಮೈಕ್ರೋ ಫ್ಯಾರಡ್‌ಗೆ ಮಾತ್ರ ಎಕ್ಸ್7ಆರ್ ಸಾಕು. ರೆಸಿಸ್ಟರ್ ಎಲ್ಲಾ ಮೆಟಲ್ ಫಿಲ್ಮ್, ನೂರಕ್ಕೆ ಒಂದರವು.

ಮೆಗಾ ಓಮ್ ಸರ್ಕ್ಯೂಟಿಗೆ ಕೊಳೆ ದೊಡ್ಡ ಶತ್ರು. ಸಾಲ್ಡರಿಂಗ್ ಫ್ಲಕ್ಸ್ ಉಳಿದರೆ ಅದರ ಮೇಲೆ ಧೂಳು ಕೂರುತ್ತದೆ. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಎಲ್ಲೆಲ್ಲಿ ಹೋಗುತ್ತದೆ ಅಂತ ನಿಮಗೇ ಗೊತ್ತು. ಮಳೆಗಾಲದ ತೇವ ಸೇರಿದರೆ ನಿಮ್ಮ 3.3 ಮೆಗಾ ಓಮ್‌ಗೆ ಸಮಾಂತರವಾಗಿ ಇನ್ನೊಂದು ರೆಸಿಸ್ಟರ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಪೂರ್ತಿ ಒಣಗಿಸಿ, ಮೇಲೆ ಕೋಟಿಂಗ್ ಬಳಿಯಿರಿ. ಬ್ರೆಡ್‌ಬೋರ್ಡಿನಲ್ಲಿ ಈ ಸರ್ಕ್ಯೂಟಿನ ಗುಣ ಅಳೆಯಲು ಹೋಗಬೇಡಿ.

ಪರೀಕ್ಷೆ

ಸಾಲ್ಡರ್ ಮಾಡುವ ಮೊದಲು ಸಿಮ್ಯುಲೇಶನ್. ಐಐಟಿ ಬಾಂಬೆಯ ಫಾಸಿ ತಂಡದ ಇಸಿಮ್ ಉಚಿತ, ಎಲ್‌ಟಿ ಸ್ಪೈಸ್ ಕೂಡ ಉಚಿತ. ಬರೀ ಒಂದು ಗೆರೆ ನೋಡಿ ಬಿಡಬೇಡಿ. ಕೆಪಾಸಿಟರ್‌ಗಳನ್ನು ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಮಾಡಿ ಓಡಿಸಿ, 300 ಮಿಲಿವೋಲ್ಟ್ ಡಿಸಿ ಸೇರಿಸಿಯೂ ನೋಡಿ.

ಬೋರ್ಡ್ ಸಿದ್ಧವಾದ ಮೇಲೆ ಯಾರ ಮೈಗೂ ಜೋಡಿಸದೆ, ಫಂಕ್ಷನ್ ಜನರೇಟರಿನಿಂದ 1 ವೋಲ್ಟ್ ತೆಗೆದು, 10 ಕಿಲೋ ಓಮ್ ಮತ್ತು 10 ಓಮ್‌ನಿಂದ ಸಾವಿರದ ಒಂದು ಪಾಲಿಗೆ ಇಳಿಸಿ ಇನ್‌ಪುಟ್ಟಿಗೆ ಕೊಡಿ. 0.2, 0.5, 1, 5, 10, 20, 40, 50, 100 ಹರ್ಟ್ಜ್‌ನಲ್ಲಿ ಔಟ್‌ಪುಟ್ ಬರೆದುಕೊಳ್ಳಿ. 0.5 ಮತ್ತು 40ರ ಹತ್ತಿರ ನೂರರಲ್ಲಿ 70ಕ್ಕೆ ಇಳಿದಿದ್ದರೆ ಸರಿ. ಅಳೆಯುವುದು ಆಪ್ ಆಂಪಿನ ಔಟ್‌ಪುಟ್‌ಗಳಲ್ಲಿ ಮಾತ್ರ. 3.3 ಮೆಗಾ ಓಮ್ ಇರುವ ಬಿಂದುವಿಗೆ ಮೀಟರ್ ಹಚ್ಚಿದರೆ ಮೀಟರಿನದೇ 10 ಮೆಗಾ ಓಮ್ ಸೇರಿ ಅದು 2.5ರ ಆಸುಪಾಸಿಗೆ ಇಳಿಯುತ್ತದೆ. ಆಗ ನೀವು ನೋಡುವುದು ಬೇರೆಯೇ ಫಿಲ್ಟರ್.

ನಂತರ ಎರಡೂ ಇನ್‌ಪುಟ್ ಸೇರಿಸಿ ಮಧ್ಯದ ವೋಲ್ಟೇಜಿಗೆ ಕೊಟ್ಟು ನಾಯ್ಸ್ ನೋಡಿ. ಔಟ್‌ಪುಟ್ಟನ್ನು 205ರಿಂದ ಭಾಗಿಸಿದಾಗ ತುದಿಯಿಂದ ತುದಿಗೆ 5 ಮೈಕ್ರೋವೋಲ್ಟಿನ ಆಸುಪಾಸು ಬರಬೇಕು. ಇಸಿಜಿ ಉಪಕರಣಗಳಿಗೆ ಒಪ್ಪಿರುವ ಮಿತಿ 30. ನಿಮ್ಮದು ಅದಕ್ಕೆ ಹತ್ತಿರ ಬಂದರೆ ಮೊದಲು ಬೋರ್ಡ್ ತೊಳೆಯಿರಿ, ಆಮೇಲೆ ಮೊದಲ ಹಂತದ ಸಾಲ್ಡರ್ ನೋಡಿ. ಬ್ಯಾಟರಿಯ ಸರಣಿಯಲ್ಲಿ 1 ಕಿಲೋ ಓಮ್ ಇಟ್ಟು ಅದರ ಮೇಲಿನ ವೋಲ್ಟೇಜ್ ಅಳೆಯಿರಿ. 54 ಮಿಲಿವೋಲ್ಟಿನ ಹತ್ತಿರ ಬಂದರೆ ಕರೆಂಟ್ ಲೆಕ್ಕವೂ ಸರಿ.

ಇವೆಲ್ಲ ಸರಿ ಬಂದ ಮೇಲೆ ಮಾತ್ರ ಎಲೆಕ್ಟ್ರೋಡ್ ಅಂಟಿಸಿ. ಬೆವರು ಒರೆಸಿ, ಚರ್ಮವನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ, ಎಲೆಕ್ಟ್ರೋಡ್ ಹಾಕಿದ ಮೇಲೆ ಒಂದೆರಡು ನಿಮಿಷ ಬಿಟ್ಟು ರೆಕಾರ್ಡ್ ಶುರು ಮಾಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರರ ಬಿಸಿಲಲ್ಲಿ ಒಮ್ಮೆ, ಇನ್ವರ್ಟರ್ ಮೇಲೆ ಮನೆ ಓಡುವಾಗ ಒಮ್ಮೆ. ಮೂರೂ ರೆಕಾರ್ಡ್‌ಗಳನ್ನು ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಿ.